ಸಿದ್ದೂನ ಜಾವಳ

ದೀಪಾವಳಿ ಮುಗಿದು ಚಳಿ ಬಿದ್ದ ಮೇಲೆ ಸೊಲ್ಲಾಪುರದಲ್ಲಿ ಯಾರೂ ಛತ್ರಿ ಮುಟ್ಟುವುದಿಲ್ಲ. ಎಪ್ಪತ್ತೇಳರ ಆ ವರ್ಷ ಮಾತ್ರ ಹಾಗಾಗಲಿಲ್ಲ. ಕಡಲಲ್ಲಿ ತುಫಾನು ಎದ್ದಿದೆ ಅಂತ ರೇಡಿಯೋದವರು ಹೇಳಿದ ಮರುದಿನವೇ ಆಕಾಶ ಕಪ್ಪಿಟ್ಟಿತು. ಕಸ್ತೂರಬಾಯಿ ವಿಜಾಪುರ ರಸ್ತೆಯ ಮನೆ ಬಿಟ್ಟು ಎಸ್‌ಟಿ ಬಸ್ಸು ಹತ್ತುವಾಗ ಬರೀ ತುಂತುರು. ಅರ್ಧ ದಾರಿ ಕಳೆಯುವುದರೊಳಗೆ ಮಳೆಯ ಹೊಡೆತಕ್ಕೆ ಕಿಟಕಿಯಾಚೆ ಏನೂ ಕಾಣದಂತಾಯಿತು.

ಜೊತೆಗೆ ಅತ್ತೆ ಗಂಗುಬಾಯಿ, ಆರು ವರ್ಷದ ಮಗಳು ಪ್ರಭಾ, ಮಡಿಲಲ್ಲಿ ಹನ್ನೊಂದು ತಿಂಗಳ ಸಿದ್ದು. ಅತ್ತೆಯ ತವರು ಅಕ್ಕಲಕೋಟದಲ್ಲಿ ಮರುದಿನ ಬೆಳಿಗ್ಗೆ ಹತ್ತಕ್ಕೆ ಸಿದ್ದೂನ ಜಾವಳ. ಹುಟ್ಟುಗೂದಲು ವರ್ಷ ತುಂಬುವ ಮೊದಲೇ ತೆಗೆಸಬೇಕು, ಇಲ್ಲದಿದ್ದರೆ ಮೂರನೇ ವರ್ಷದ ತನಕ ಕಾಯಬೇಕು ಎಂಬುದು ಮನೆಯ ಪದ್ಧತಿ. ಗಂಡ ನಾಗಣ್ಣ ಚಾದರದ ಅಂಗಡಿಗೆ ಬೀಗ ಹಾಕಿಕೊಂಡು ಬೆಳಿಗ್ಗೆ ಬರುವವನಿದ್ದ.

ಎಲ್ಲ ಸರಿ, ಒಂದೇ ಮುಳ್ಳು. ಮೊದಲ ಕತ್ತರಿ ಹಾಕಬೇಕಾದವನು ಸೋದರಮಾವ. ಕಸ್ತೂರಬಾಯಿಯ ಒಬ್ಬನೇ ಅಣ್ಣ ಶಾಂತಪ್ಪ ವಿಷಮಜ್ವರದಲ್ಲಿ ಹೋಗಿ ಎರಡು ವರ್ಷವಾಗಿತ್ತು. ಕಾಕಾನ ಮಗ ಬಸಣ್ಣನನ್ನು ಕೇಳಿದರೆ, "ಬರತೀನಿ, ಆದರ ಲಗೂನ ಮುಗಸ್ರಿ, ನಂದು ಬ್ಯಾರೆ ಕಡೆ ಕೆಲಸ ಅದ" ಅಂದಿದ್ದ. ಆ ಮಾತನ್ನು ಆಕೆ ಮರೆತಿರಲಿಲ್ಲ.

ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ಇಳಿದು ಹೋಗಿ ಸೇತುವೆ ನೋಡಿ ಬಂದ. "ಹಳ್ಳ ಪುಲ್ಲಿನ ಮ್ಯಾಲೆ ಹೊಂಟದ. ಗಾಡಿ ಮುಂದ ಹೋಗೂದಿಲ್ಲ, ಹಿಂದೂ ಹೋಗೂದಿಲ್ಲ, ಹಿಂದಿನ ಹಳ್ಳಾನೂ ಏರ್‍ಯಾದ."

ಗಂಡಸರು ಧೋತರ ಎತ್ತಿಕಟ್ಟಿಕೊಂಡು ಹತ್ತಿರದ ಊರಿನ ಶಾಲೆಯ ಕಡೆ ನಡೆದರು. ಗಂಗುಬಾಯಿಗೆ ಮೊಣಕಾಲು ನೋವು, ಅಷ್ಟು ದೂರ ಆಗದು. ಅಷ್ಟರಲ್ಲಿ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಬಸ್ಸಿನ ಬಾಗಿಲಿಗೆ ಬಂದು ಇಣುಕಿದಳು.

"ಯಕ್ಕಾ, ಕೂಸಿನ ತಲಿ ತೊಯ್ಯಾಕತ್ತದ. ನಮ್ಮ ವಸ್ತಿ ಇಲ್ಲೇ ಅದ, ಬರ್ರಿ."

ಅವಳ ಹೆಸರು ಸುಗಲಾಬಾಯಿ. ಕುರಿ ಸಾಕುವವರ ಮನೆ, ಹೊಲದ ನಡುವೆ ಮಣ್ಣಿನ ಮಾಳಿಗೆ, ಒಂದೇ ಪಡಸಾಲೆ. ಒಳಗೆ ಕಾಲಿಟ್ಟರೆ ಹೊಗೆ, ಹಸಿ ಉಣ್ಣೆಯ ವಾಸನೆ. ಮೂಲೆಯಲ್ಲಿ ಎಳೆಯ ಕುರಿಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಅವುಗಳ ಜೊತೆಗೇ ಸುಗಲಾಬಾಯಿಯ ಐದು ವರ್ಷದ ಮಗಳು ಹಣಮವ್ವ ಮತ್ತು ಎರಡು ವರ್ಷದ ಮಗ ಕಲ್ಲು.

ಪ್ರಭಾ ಮೂಗು ಮುಚ್ಚಿಕೊಂಡಳು. ಗಂಗುಬಾಯಿ ಬಾಗಿಲ ಹತ್ತಿರವೇ ತಮ್ಮ ಟ್ರಂಕಿನ ಮೇಲೆ ಕೂತರು. ಸುಗಲಾಬಾಯಿ ಚಹಾ ಕಾಸಿ ತಂದರೆ, "ಒಲ್ಲೆ ತಂಗಿ, ನನಗ ಚಹಾದಿಂದ ಪಿತ್ತ ಆಗತದ" ಅಂದರು. ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವ ಅತ್ತೆಯ ಮುಖವನ್ನು ಕಸ್ತೂರಬಾಯಿ ನೋಡಲಾರದೆ ತನ್ನ ಲೋಟವನ್ನು ಬೇಗ ಬೇಗ ಕುಡಿದಳು.

ಸಿದ್ದೂಗೆ ಆಗಲೇ ಸೀನು ಶುರುವಾಗಿತ್ತು. ಕುತ್ತಿಗೆಯ ತನಕ ಇಳಿದ ಹುಟ್ಟುಗೂದಲು, ಒದ್ದೆಯಾಗಿ ಗಂಟುಗಂಟು. ಎಷ್ಟು ಒರೆಸಿದರೂ ಒಣಗುವುದಿಲ್ಲ. ಸುಗಲಾಬಾಯಿ ಕೂಸನ್ನು ಇಸಿದುಕೊಂಡು ಒಲೆಯ ಮುಂದೆ ಕೂತಳು. ಅಂಗೈ ಕಾಯಿಸುವುದು, ಕೂದಲ ಬುಡಕ್ಕೆ ಒತ್ತುವುದು, ಮತ್ತೆ ಕಾಯಿಸುವುದು. ಬಹಳ ಹೊತ್ತು ಹಾಗೇ ಮಾಡಿದಳು. ಆಮೇಲೆ ಕಂಬಳಿಯಲ್ಲಿ ಸುತ್ತಿ ಮರಿಗಳ ನಡುವೆ ಮಲಗಿಸಿದಳು. "ಇವುಗಳ ಮೈ ಒಲಿಗಿಂತ ಛಲೋರಿ, ಯಕ್ಕಾ. ನನ್ನ ಎರಡೂ ಹಿಂಗ ಬೆಳದಾವ."

ಕೂಸು ಒಂದು ಮರಿಯ ಕಿವಿ ಹಿಡಿದುಕೊಂಡು ನಿದ್ದೆ ಹೋಯಿತು.

ಮಧ್ಯಾಹ್ನ ಅವಳ ಗಂಡ ಕಾಮಣ್ಣ ಬಂದ. ಎತ್ತರದ ಆಳು, ಮೈಯಿಂದ ನೀರು ಸುರಿಯುತ್ತಿತ್ತು, ಎರಡೂ ಕಂಕುಳಲ್ಲಿ ಒಂದೊಂದು ಮರಿ. ಹೊಸಬರನ್ನು ಕಂಡು ಹೊಸ್ತಿಲಲ್ಲೇ ನಿಂತು, ಯಾರ ಮುಖವನ್ನೂ ನೋಡದೆ, "ಮನಿ ಸಣ್ಣದು. ಸಂಬಾಳಿಸ್ಕೋರಿ" ಅಂದ. ಆಮೇಲೆ ಮಾಳಿಗೆ ಹತ್ತಿ ಸೋರುವ ಕಡೆ ಮಣ್ಣು ಮೆತ್ತಿದ. ಮಣ್ಣು ನಿಲ್ಲಲಿಲ್ಲ. ಸುಗಲಾಬಾಯಿ ಗಡಿಗೆ, ಕೊಡ, ಬೋಗುಣಿ, ಕೊನೆಗೆ ಗಂಗುಬಾಯಿಯ ಊಟದ ಡಬ್ಬಿಯ ಮುಚ್ಚಳವನ್ನೂ ಹನಿಯ ಕೆಳಗಿಟ್ಟಳು. ಯಾವುದು ಮೊದಲು ತುಂಬುತ್ತದೆ ಅಂತ ಹಣಮವ್ವ, ಪ್ರಭಾ ಪಂಥ ಕಟ್ಟಿ ಕೂತರು. ಸಂಜೆಯ ಹೊತ್ತಿಗೆ ಪ್ರಭಾ ಕರಿಮೂತಿಯ ಒಂದು ಮರಿಗೆ ರಾಣಿ ಅಂತ ಹೆಸರಿಟ್ಟು ತೊಡೆಯ ಮೇಲೆ ಹಾಕಿಕೊಂಡಿದ್ದಳು.

ಬೆಳಗಾದರೂ ಮಳೆ ಹಾಗೇ ಇತ್ತು. ಗಂಗುಬಾಯಿ ತಮ್ಮ ತಂಬಿಗೆಯನ್ನು ಅಂಗಳಕ್ಕೆ ಚಾಚಿ, ಬಿದ್ದ ಮಳೆನೀರಿನಿಂದಲೇ ಲಿಂಗಪೂಜೆ ಮುಗಿಸಿದರು. ಕಟ್ಟಿಕೊಂಡು ಬಂದ ಚಪಾತಿಯನ್ನೆಲ್ಲ ರಾತ್ರಿಯೇ ಮಕ್ಕಳಿಗೆ ಹಂಚಿ ತಾವು ಶೇಂಗಾ ಚಟ್ನಿ ನೆಕ್ಕಿ ನೀರು ಕುಡಿದಿದ್ದರು. ಹಳ್ಳದ ಮೊರೆತ ಮನೆಯೊಳಗೆ ಕೇಳುತ್ತಿತ್ತು.

"ಹತ್ತಾಗಾಕ ಬಂತೇನೋ," ಅಂದರು ಅತ್ತೆ, ಬಾಗಿಲಾಚೆ ನೋಡುತ್ತ. "ಇವತ್ತು ಬಿಟ್ಟರ ಮುಹೂರ್ತ ಇಲ್ಲ. ಇನ್ನ ಎರಡು ವರ್ಷ ಈ ಕೂದಲ ಹೊತ್ತು ತಿರಗಬೇಕು ಕೂಸು."

ಕಾಮಣ್ಣ ಮೂಲೆಯಲ್ಲಿ ಕೂತು ಉಣ್ಣೆ ಕತ್ತರಿಸುವ ಕತ್ತರಿಯನ್ನು ಕಲ್ಲಿಗೆ ಮಸೆಯುತ್ತಿದ್ದ. ಅವನ ಮುಂದೆ ಕುಕ್ಕುರಗಾಲಲ್ಲಿ ಕೂತಿದ್ದ ಪ್ರಭಾ ಕೇಳಿದಳು, "ಮಾಮಾ, ಇದರಲಿಂದ ಕುರಿ ಕೂದಲ ಕತ್ತರಸ್ತೀರೇನು?"

"ಹೂಂ ಅವ್ವಿ."

"ಕುರಿಗಿ ನೋವಾಗತದೇನು?"

"ಇಲ್ಲವ್ವ. ಕುರಿ ನಿದ್ದಿ ಮಾಡ್ತಾವ."

"ಹಂಗಾದರ ನಮ್ಮ ಸಿದ್ದೂಂದು ನೀವೇ ಕತ್ತರಸ್ರಿ."

ಕಾಮಣ್ಣನ ಕೈ ನಿಂತಿತು. "ಏ ಹುಡುಗಿ!" ಅಂತ ಗದರಲು ಹೋದ ಗಂಗುಬಾಯಿ ಸೊಸೆಯ ಮುಖ ನೋಡಿ ಸುಮ್ಮನಾದರು. ಕಸ್ತೂರಬಾಯಿಗೆ ತಾನು ಏನು ಹೇಳುತ್ತಿದ್ದೇನೆ ಅನ್ನುವುದು ಹೇಳಿಯಾದ ಮೇಲೆಯೇ ತಿಳಿಯಿತು.

"ಅತ್ತಿ, ನನಗ ಅಣ್ಣ ಇಲ್ಲ. ಬಸಣ್ಣ ಬಂದರೂ ಗಡಿಯಾರ ನೋಡಕೋತ ನಿಲ್ಲಾಂವ. ನಿನ್ನಿಂದ ಈ ಮನಿಯವರು ನನ್ನ ಕೂಸಿನ ತಲಿ ಕಾಯಾಕತ್ತಾರ. ಇವರೇ ಕತ್ತರಿ ಹಾಕಲಿ."

"ಬ್ಯಾಡ್ರಿ ಅವ್ವಾರ," ಕಾಮಣ್ಣ ಎದ್ದೇ ಬಿಟ್ಟ. "ದೊಡ್ಡ ಮಂದಿ ನೀವು. ನಂದು ಕುರಿ ಕತ್ತರಸೂ ಕೈ."

ಸಿದ್ದು ಕೆಮ್ಮಿದ. ಗಂಗುಬಾಯಿ ಟ್ರಂಕಿನಿಂದ ಎದ್ದು, ಹಿಂದಿನ ದಿನ ದಾಟದಿದ್ದ ಪಡಸಾಲೆಯನ್ನು ದಾಟಿ ಒಲೆಯ ತನಕ ಬಂದರು.

"ಕತ್ತರಿ ಕುದಿಯೋ ನೀರಾಗ ತೊಳಿಯಪ್ಪಾ," ಅಂದರು. "ಮತ್ತ ಮೂಡಣಕ್ಕ ಮುಖ ಮಾಡಿ ಕೂಡು."

ಸುಗಲಾಬಾಯಿ ಹಸೆ ಹಾಸಿ ಅರಿಶಿಣ ಕುಂಕುಮ ತಂದಳು. ಕಸ್ತೂರಬಾಯಿ ಸಿದ್ದೂನನ್ನು ಮಡಿಲಲ್ಲಿ ಕೂಡಿಸಿಕೊಂಡಳು. ದಿನಕ್ಕೆ ಹತ್ತಾರು ಕುರಿ ಹಿಡಿದು ಉಣ್ಣೆ ತೆಗೆಯುವ ಕಾಮಣ್ಣ ಕತ್ತರಿಯನ್ನು ಎರಡು ಸಲ ಒರೆಸಿಕೊಂಡ. "ಬೀರಪ್ಪಾ," ಅಂತ ಮನೆದೇವರನ್ನು ನೆನೆದು ಕಣ್ಣು ಮುಚ್ಚಿ ತೆರೆದು, ಬಲಗಿವಿಯ ಮೇಲಿನ ಒಂದು ಎಳೆ ಹಿಡಿದು ಕತ್ತರಿಸಿದ. ಕಚಕ್ ಅಂದ ಸಪ್ಪಳಕ್ಕೆ ಸಿದ್ದು ಅಳಲಿಲ್ಲ, ಕಿಲಕಿಲ ನಕ್ಕ. ಮತ್ತೊಮ್ಮೆ ಕಚಕ್, ಮತ್ತೊಮ್ಮೆ ನಗು. ಕಲ್ಲು, ಹಣಮವ್ವ, ಪ್ರಭಾ ಎಲ್ಲರೂ ಚಪ್ಪಾಳೆ ಹೊಡೆದರು. ಬೀಳುವ ಕೂದಲನ್ನು ಗಂಗುಬಾಯಿ ಸೆರಗೊಡ್ಡಿ ಹಿಡಿದರು.

ಆಮೇಲೆ ಸುಗಲಾಬಾಯಿ ಎದ್ದು ಹೋಗಿ ಮೊರದಲ್ಲಿ ಜೋಳ, ಒಂದು ಬಟ್ಟಲು ಕೊಬ್ಬರಿ, ಬೆಲ್ಲದ ಹೆಂಟೆ ತಂದಳು. "ಅಣ್ಣನ ಮನಿಯಿಂದ ಬರಿಗೈಲೆ ಹೋಗಬಾರದು ಯಕ್ಕಾ," ಅಂದು ಐದು ಬೊಗಸೆ ಉಡಿ ತುಂಬಿದಳು. ಶಾಂತಪ್ಪ ಹೋದ ಮೇಲೆ ಕಸ್ತೂರಬಾಯಿಗೆ ತವರಿನ ಉಡಿ ಇರಲಿಲ್ಲ. ಎರಡನೆಯ ಬೊಗಸೆಗೇ ಅವಳ ಕಣ್ಣು ತುಂಬಿ, ಐದನೆಯದಕ್ಕೆ ಸುಗಲಾಬಾಯಿಯ ಹೆಗಲ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಸುಗಲಾಬಾಯಿ ಬೆನ್ನು ಸವರಿದಳು.

ಆ ಮಧ್ಯಾಹ್ನ ಗಂಗುಬಾಯಿ ಮೂರು ಬಿಸಿ ರೊಟ್ಟಿ ತಿಂದರು.

ಮೂರನೆಯ ದಿನ ಬಿಸಿಲು ಬಿತ್ತು. ಹೊಲದ ಜೋಳವೆಲ್ಲ ನೆಲಕ್ಕೆ ಮಲಗಿತ್ತು. ಹಳ್ಳ ಇಳಿಯುವುದನ್ನೇ ಕಾದಿದ್ದ ನಾಗಣ್ಣ ಮೊಣಕಾಲುದ್ದ ಕೆಸರು ತುಳಿದು, ಮನೆ ಮನೆ ವಿಚಾರಿಸುತ್ತ ವಸ್ತಿಗೆ ಬಂದ. ಹೆಂಡತಿ ಮಕ್ಕಳನ್ನು ಕಂಡು ಉಸಿರು ಬಿಟ್ಟವನು, ಮಗನ ಏರುಪೇರು ತಲೆ ಕಂಡು ಗಾಬರಿಯಾದ.

"ಇದ್ಯಾರು ಮಾಡ್ಯಾರ?"

"ಅವನ ಸ್ವಾದರಮಾವ," ಅಂದರು ಗಂಗುಬಾಯಿ. "ಮೊದಲ ಅವನ ಕಾಲಿಗಿ ಬೀಳು."

ಮುಂದಿನ ವರ್ಷ, ಅಣ್ಣಂದಿರು ತಂಗಿಯರನ್ನು ತವರಿಗೆ ಕರೆದೊಯ್ಯುವ ನಾಗರ ಪಂಚಮಿಗೆ ಎರಡು ದಿನ ಮೊದಲು ವಿಜಾಪುರ ರಸ್ತೆಯ ಮನೆಯ ಕಟ್ಟೆಯ ಹತ್ತಿರ ಒಬ್ಬ ಎತ್ತರದ ಮನುಷ್ಯ, ಒಗೆದ ಧೋತರ, ತಲೆಗೆ ಹಳದಿ ಪಟಗಾ, ಕೈಯಲ್ಲಿ ಹಬ್ಬದ ಉಂಡೆಗಳ ಗಂಟು ಹಿಡಿದು, ಕರೆಯಲೋ ಬೇಡವೋ ಅಂತ ನಿಂತಿದ್ದ. ಬಾಗಿಲಿಗೆ ಬಂದ ಕಸ್ತೂರಬಾಯಿ ಒಂದು ಗಳಿಗೆ ನೋಡಿ, "ಅಣ್ಣಾ" ಅಂದಳು.

"ತಂಗೀನ ಹಬ್ಬಕ್ಕ ಕರಿಯಾಕ ಬಂದೀನಿ," ಅಂದ ಕಾಮಣ್ಣ, ನೆಲ ನೋಡುತ್ತ.