ಲಷ್ಕರಕ್ಕೆ ಕೊಟ್ಟ ಟಗರು

“ಏ ರಂಡೀ, ಕುರಿ ಕಾಯಾಕಿ ನೀ, ನನಗ ಇಲ್ಲಂತೀ? ಬಿಡ ಟಗರ!”

ಧರ್ಮರಾಜ ಪಾಟೀಲ ಬೆಳಬೆಳಿಗ್ಗೆ ತನ್ನ ಹೊಲದ ಬದುವಿನ ಮೇಲೆ ನಿಂತು ಗದರಿದ. ಗುರುಬಾಯಿ ಟಗರಿನ ಕೊಂಬು ಹಿಡಿದು ನಿಂತೇ ಇದ್ದಳು.

“ಬ್ಯಾರೆ ನಾಲ್ಕ ಒಯ್ರಿ ಯಪ್ಪಾ. ಇದು ಬೀರೋಬಾ ದೇವರಿಗಿ ಬಿಟ್ಟದ್ದು. ಇದು ಮುಂದ ಹೋಗ್ಲಿಲ್ಲಂದ್ರ ಒಂದ ಕುರೀನೂ ಹೆಜ್ಜಿ ಎತ್ತಂಗಿಲ್ಲ.”

“ಸೋಲಾಪುರದಿಂದ ಪಾವಣ್ಯಾರ ಬರಾಕತ್ಯಾರ. ಸಣಕಲ ಕುರಿ ತಿನಸ್ಲೇನ? ಮುನ್ನೂರ ವರ್ಷದ ಹಿಂದ ನಮ್ಮ ಹಿರೇರು ಲಷ್ಕರಕ್ಕ ಎಂಟ ದಿನ ಉಣಿಸ್ಯಾರ. ಅದರ ಸೋಹಳಾ, ದೊಡ್ಡ ಹಬ್ಬ ಇವತ್ತ. ನನ್ನ ಹೊಲದಾಗ ಹಟ್ಟಿ ಹಾಕಿ, ನನ್ನ ಬಾವಿ ನೀರ ಕುಡಿಸಿ, ನನಗ ಹಿಂಗಂತೀ?”

“ಹಟ್ಟಿ ಹಾಕಿದ್ದಕ್ಕ ನಿಮ್ಮ ಹೊಲಕ್ಕ ಗೊಬ್ಬರ ಬಿದ್ದದಲ್ರಿ?”

ಕಪಾಳಕ್ಕೆ ಏಟು ಬಿತ್ತು. ಆಳುಗಳು ಟಗರನ್ನು ಎಳೆದೊಯ್ದರು.

ಗಂಡ ಅಮೋಗಸಿದ್ಧ ಸತ್ತು ಎರಡು ವರ್ಷ. ಅಕ್ಕಲಕೋಟೆಯ ಸೀಮೆಯಲ್ಲಿ ಹೊಲದಿಂದ ಹೊಲಕ್ಕೆ ಹಟ್ಟಿ ಬದಲಿಸುವ ಒಂಟಿ ಹೆಂಗಸನ್ನು ಮಾತಾಡಿಸುವವರು ಯಾರು? ಹಸಿವು, ಬಿಸಿಲು, ಮಂದಿಯ ಬೈಗುಳ, ಎಲ್ಲವನ್ನೂ ಆಕೆ ಹೇಳಿಕೊಳ್ಳುತ್ತಿದ್ದುದು ಆ ಟಗರಿಗೇ. ಅದೂ ಭಾಳ ಶಾಣ್ಯಾ ಏನಲ್ಲ ಬಿಡಿ; ಅರ್ಧ ಮಾತಿಗೇ ಸೆರಗು ಮೇಯುತ್ತಿತ್ತು. ಈಗ ಅದೂ ಇಲ್ಲ.

ಮಧ್ಯಾಹ್ನ ಪಾಟೀಲನ ವಾಡೆಯ ಮುಂದೆ, ದಾರಿಗೆ ಅಡ್ಡಲಾಗಿ ಹಾಕಿದ ಮಂಡಪದಲ್ಲಿ ಪಂಕ್ತಿ ಕೂತಿತ್ತು. ಆಕೆ ಹೋಗುವಷ್ಟರಲ್ಲಿ ಟಗರು ಕುದ್ದು ತಾಟಿಗೆ ಬಂದಿತ್ತು. ಪಾಟೀಲ ಮೈಕಿನಲ್ಲಿ ಮರಾಠಿಯಲ್ಲಿ ಹೇಳುತ್ತಿದ್ದ: ಐದು ಸಾವಿರ ಸಿಪಾಯಿಗಳು, ದಿನಕ್ಕೆ ನೂರು ಕುರಿ, ಎಲ್ಲ ನಮ್ಮ ಹಿರಿಯರ ದಾನ! ಚಪ್ಪಾಳೆಯೋ ಚಪ್ಪಾಳೆ.

“ಆ ಕುರಿ ಯಾರವಿದ್ದೂರೀ?” ಗುರುಬಾಯಿ ಕೂಗಿದಳು. “ನಿಮ್ಮ ಹಿರೇರು ಕುರಿ ಕಾಯ್ದಿದ್ರೇನ? ನಮ್ಮವರ ಹಟ್ಟಿ ಬರಿದ ಮಾಡಿ ಲಷ್ಕರಕ್ಕ ಹಾಕಿ, ಹೆಸರ ನಿಮ್ದಾ?”

“ತಲಿ ಕೆಟ್ಟಾಕಿ ಅದಾಳ್ರಿ,” ಎಂದು ಪಾಟೀಲ ನಕ್ಕ. ಪಂಕ್ತಿಯೂ ನಕ್ಕಿತು. “ಇಕಿಗೊಂದ ತಾಟ ಹಾಕ್ರೋ.”

ಅಡುಗೆಯ ರಾಚಪ್ಪ ತಾಟು ತರಲಿಲ್ಲ. ಟಗರಿನ ಕೊರಳಗಂಟೆ ತಂದು, ಮುಖ ನೋಡದೆ, ಆಕೆಯ ಕೈಗಿಟ್ಟ. ಅದರ ಪಟ್ಟಿ ಇನ್ನೂ ಹಸಿಯಾಗಿತ್ತು.

ಆಕೆ ಹೊಲಕ್ಕೆ ಬಂದು ಹಟ್ಟಿಯ ಬಲೆ ಕಿತ್ತಳು. ಕುರಿಗಳು ಕದಲಲಿಲ್ಲ, ಮುಂದೆ ಟಗರಿಲ್ಲವಲ್ಲ. ಗುರುಬಾಯಿ ಗಂಟೆಯನ್ನು ತನ್ನ ಕೊರಳಿಗೇ ಕಟ್ಟಿಕೊಂಡು ನಡೆದಳು. ಒಂದು ಕುರಿ ಎದ್ದಿತು, ಇನ್ನೊಂದು ಎದ್ದಿತು, ಆಮೇಲೆ ಇಡೀ ಹಿಂಡು.

ಮುಂದಿನ ಊರು ದುಧನಿಯ ಕಡೆಗೆ ಹೋಗಲು ಇದ್ದುದು ಮಂಡಪ ಹಾಕಿದ್ದ ಅದೊಂದೇ ದಾರಿ. ಪಾಟೀಲ ಕೈ ಅಡ್ಡ ಹಿಡಿದು ಚೀರಿದ. ಆಕೆ ಅವನ ಮೈಗೆ ಮೈ ತಾಗಿಸಿಕೊಂಡೇ ದಾಟಿ, ಗಂಟೆ ಬಾರಿಸುತ್ತ ಪಂಕ್ತಿಯ ನಡುವೆ ಹೋದಳು. ಹಿಂದಿನಿಂದ ಕುರಿಗಳು ತಾಟುಗಳನ್ನು ತುಳಿದುಕೊಂಡು ಬಂದವು.