ಮೂರನೆಯ ಸ್ಟಾಪ್‌ವಾಚ್

ಡೇನಾ ವೋಲ್ಕ್‌ಳ ಎರಡೂ ಕೈಗಳು ಈಜುಕೊಳದ ಗೋಡೆ ಮುಟ್ಟಿದವು. ದಡದಲ್ಲಿ ಬಾಗಿ ನಿಂತಿದ್ದ ಮೂವರು ಸ್ಟಾಪ್‌ವಾಚ್ ಒತ್ತಿದರು. ಆರ್ಡಿಸ್ ತನ್ನದನ್ನು ಅಂಗೈಯಲ್ಲಿ ಅರೆ ಮುಚ್ಚಿಕೊಂಡು ನೋಡಿದಳು. ಎರಡು ನಿಮಿಷ, 3.50 ಸೆಕೆಂಡು.

ಕೈ ತಾಗಿದೊಡನೆ ತಾನೇ ಹೊತ್ತು ಅಳೆಯುವ, ಗೋಡೆಯ ವಿದ್ಯುತ್ ಫಲಕ ಕೆಟ್ಟು ಎರಡು ವರ್ಷವಾಗಿತ್ತು. ಮುಚ್ಚಲಿರುವ ಕೊಳಕ್ಕೆ ದುಡ್ಡು ಹಾಕುವುದಿಲ್ಲವೆಂದು ವಿಶ್ವವಿದ್ಯಾಲಯ ಮೊದಲೇ ತಿಳಿಸಿತ್ತು. ಹಾಗಾಗಿ ಒಬ್ಬ ಈಜುಗಾರ್ತಿಗೆ ಮೂರು ಸ್ಟಾಪ್‌ವಾಚ್. ಮೂರರಲ್ಲಿ ನಡುವಿನದೇ ಲೆಕ್ಕ. ಒಂದು ಕೈಕೊಟ್ಟರೆ ಉಳಿದೆರಡರ ಸರಾಸರಿ.

"ಫುಟ್‌ಬಾಲ್‌ನವರಿಗೆ ಮೈದಾನದ ತುಂಬ ಹೊಸ ದೀಪ. ನಮಗೆ ಒಂದು ತುಂಡು ತಂತಿ ಇಲ್ಲ," ಎಂದು ವರ್ಲಿನ್ ಗೊಣಗುತ್ತ ಚೀಟಿ ತೆಗೆದ. ನಿವೃತ್ತ ಗಣಿತದ ಮೇಷ್ಟ್ರು. ಹೊತ್ತು ಬರೆಯುವ ಕೆಲಸ ಅವನದು. "ನನ್ನದು 3.41. ಪೆಟ್ರಾ?"

"3.53," ಎಂದಳು ಗ್ರಂಥಾಲಯದ ಪೆಟ್ರಾ.

ಆರ್ಡಿಸ್ ಎದುರು ಗೋಡೆಯ ದಾಖಲೆ ಹಲಗೆ ನೋಡಿದಳು. ನೋಡಬೇಕಾಗಿರಲಿಲ್ಲ. ಇನ್ನೂರು ಗಜ ಬಟರ್‌ಫ್ಲೈ ಈಜು, ಎ. ಟೊಲೆಫ್‌ಸನ್, 1981, ಎರಡು ನಿಮಿಷ 3.49. ಮದುವೆಯಾಗಿ ಹೆಸರು ಬದಲಾಗಿ, ಎಷ್ಟೋ ವರ್ಷದ ಮೇಲೆ ಇದೇ ಊರಿಗೆ ಮರಳಿ, ತಂಡದ ಬಟ್ಟೆಬರೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವಳು ಅದು ತನ್ನ ಹೆಸರೆಂದು ಯಾರಿಗೂ ಹೇಳಿರಲಿಲ್ಲ. ಇದು ಕೊನೆಯ ಪಂದ್ಯ. ಸೋಮವಾರ ಹಲಗೆ ವಿಶ್ವವಿದ್ಯಾಲಯದ ಇತಿಹಾಸ ಸಂಗ್ರಹಕ್ಕೆ ಹೋಗುತ್ತದೆ, ಇವತ್ತು ಸಂಜೆ ಹೇಗಿರುತ್ತದೋ ಹಾಗೆಯೇ.

ನೀರಿನಲ್ಲಿ ಡೇನಾ ಈಜು ಕನ್ನಡಕವನ್ನು ಹಣೆಗೇರಿಸಿ ಮೂವರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದಳು. ತುಟಿ ನೀಲಿಗಟ್ಟಿತ್ತು.

"ಆರ್ಡಿಸ್, ಹೇಳಿ. ನಿಮ್ಮದರ ಮೇಲೇ ನಿಂತಿದೆ," ಎಂದ ವರ್ಲಿನ್.

ಹೇಳುವುದು ಸುಲಭವಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರಾಯಿತು.

"ನನ್ನದು ಬಿಡಿ," ಎಂದಳು. "ತಡವಾಗಿ ಒತ್ತಿದೆ."

ವರ್ಲಿನ್ ಪೆನ್ನು ಎತ್ತಿದ. "ನೀವಾ? ಹತ್ತೊಂಬತ್ತು ವರ್ಷದಲ್ಲಿ ಒಂದ್ಸಲಾನೂ ಇಲ್ಲ."

"ಇವತ್ತು ಆಯ್ತು. ಕಣ್ಣು ಬೇರೆ ಕಡೆ ಹೋಯ್ತು."

"ವಯಸ್ಸಾಯ್ತು ಅಂತ ಒಪ್ಪಿಕೊಳ್ಳಿ ಹಾಗಾದ್ರೆ."

"ನಿಮಗಿಂತ ಎಂಟು ವರ್ಷ ಚಿಕ್ಕವಳು ನಾನು. ಬರೀರಿ, ಹುಡುಗಿ ನಡುಗ್ತಾ ಇದಾಳೆ."

ಅವನು ಅವಳನ್ನೇ ಒಂದು ಕ್ಷಣ ನೋಡಿದ. ಆಮೇಲೆ ಬಾಯಲ್ಲೇ ಕೂಡಿ, ಅರ್ಧಿಸಿ, 3.47 ಎಂದು ಬರೆದ.

ಜನ ಹೋದ ಮೇಲೆ ಆರ್ಡಿಸ್ ಏಣಿ ಹತ್ತಿದಳು. ಹಲಗೆಗೆ ತೂರಿಸುವ, ಹೆಸರು ಬರೆದ ಪ್ಲಾಸ್ಟಿಕ್ ಪಟ್ಟಿಗಳನ್ನು ಬದಲಿಸುವುದು ಯಾವತ್ತೂ ಅವಳ ಕೆಲಸವೇ. ಡೇನಾ ಟವೆಲ್ ಹೊದ್ದು ಕೆಳಗೆ ಏಣಿ ಹಿಡಿದು ನಿಂತಿದ್ದಳು. ಹಳೆಯ ಪಟ್ಟಿ ಕ್ಲೋರಿನ್ ಹಬೆಗೆ ಬಿಗಿದುಕೊಂಡಿತ್ತು. ಉಗುರು ತೂರಿಸಿ ಎಳೆಯಬೇಕಾಯಿತು.

"ಯಾರಿವರು, ಟೊಲೆಫ್‌ಸನ್? ಬದುಕಿದಾರಾ?"

"ಇದಾರೆ. ಏಣಿ ಸರಿಯಾಗಿ ಹಿಡ್ಕೋ."

ಪಟ್ಟಿ ಬಿಟ್ಟುಬಂದ ಜಾಗದಲ್ಲಿ ಹಲಗೆಯ ಮೊದಲಿನ ನೀಲಿ ಬಣ್ಣ ಇನ್ನೂ ಹೊಸದಾಗಿತ್ತು. ಆರ್ಡಿಸ್ ಅದರ ಮೇಲೆ ಡೇನಾಳ ಹೆಸರನ್ನು ತೂರಿಸಿ, ಅಂಚು ಸರಿಮಾಡಿ, ಹಳೆಯದನ್ನು ಜೇಬಿಗಿಳಿಸಿದಳು. ಅಲ್ಲಿ ಸ್ಟಾಪ್‌ವಾಚ್ ಇತ್ತು. ಅದನ್ನು ಅವಳಿನ್ನೂ ಸೊನ್ನೆಗೆ ತಂದಿರಲಿಲ್ಲ.