ಬಸವರಾಜುವಿನ ಭಾನುವಾರಗಳು

ಮೂರು ತಿಂಗಳಿಂದ ಪ್ರತಿ ಭಾನುವಾರ ಬೆಳಗ್ಗೆ ಬಸವರಾಜು ಗಡ್ಡ ಹೆರೆದುಕೊಂಡು, ಬಿಳಿ ಶರ್ಟು ತೊಟ್ಟು, ಹಾಸನದ ಬಸ್ಸು ಹತ್ತಿಬಿಡುತ್ತಿದ್ದ. ಕೇಳಿದರೆ ತೆಂಗಿನಕಾಯಿ ವ್ಯಾಪಾರದ ಮಾತುಕತೆ ಅನ್ನುತ್ತಿದ್ದ. ಚನ್ನರಾಯಪಟ್ಟಣದಲ್ಲಿ ಇಪ್ಪತ್ತೆಂಟು ವರ್ಷ ಕಾಯಿ ವ್ಯಾಪಾರಿಯ ಹೆಂಡತಿಯಾಗಿ ಬಾಳಿದ ಶಿವಗಂಗಮ್ಮನಿಗೆ ಭಾನುವಾರ ಎಂಥ ವ್ಯಾಪಾರ ನಡೆಯುತ್ತದೆಂದು ಗೊತ್ತಿತ್ತು. ಆದರೂ ಸುಮ್ಮನಿದ್ದಳು, ಶರ್ಟು ಒಗೆಯುವಾಗ ಜೇಬಿನಲ್ಲಿ ಮಡಿಸಿದ ಹಾಳೆಯೊಂದು ಸಿಗುವವರೆಗೆ. ಅದರಲ್ಲಿ ಹಾಸನದ ಲೂಥರನ್ ಚರ್ಚೊಂದರ ಹೆಸರು, ಆ ವಾರದ ಆರಾಧನೆಯ ಕ್ರಮ, ಹಾಡುಗಳ ನಂಬರು ಅಚ್ಚಾಗಿದ್ದವು.

ಅಣ್ಣ ಅಮರನಾಥನಿಗೆ ಫೋನು ಮಾಡಿದಳು.

"ಅವ್ರು ಮೊದ್ಲಿಗೆ ಏನೂ ಕೇಳಲ್ಲ ಕಣೆ. ನಿಧಾನಕ್ಕೆ ಒಳಕ್ಕೆ ಎಳ್ಕತಾರೆ. ಕತ್ತಲ್ಲಿ ಲಿಂಗ ಐತಾ ನೋಡ್ಕೊ" ಎಂದ ಅವನು.

ಲಿಂಗ ಇತ್ತು. ಬಸವರಾಜು ಎಂದಿನಂತೆ ವಿಭೂತಿ ಹಚ್ಚಿಕೊಂಡು ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುತ್ತಲೇ ಇದ್ದ. ಅದರಿಂದ ಅವಳ ಅನುಮಾನ ಇನ್ನಷ್ಟು ಬಲಿಯಿತು. ಒಳಗೊಂದು ಹೊರಗೊಂದು ಆಡುವುದನ್ನೂ ಕಲಿತನಲ್ಲ ಎಂದುಕೊಂಡಳು.

ಮುಂದಿನ ಭಾನುವಾರ ಅವನು ಹೋದ ಮೇಲಿನ ಬಸ್ಸಿಗೆ ತಾನೂ ಹೊರಟಳು. ಶಾಂತಿಗ್ರಾಮ ದಾಟುವಾಗ ಎಂದಿನಂತೆ ರಸ್ತೆ ಕಾಣದ ಹಾಗೆ ಮುಖ ತಿರುಗಿಸಿದಳು. ನಾಲ್ಕು ವರ್ಷದ ಹಿಂದೆ ಅಲ್ಲೇ ನಾಯಿ ಅಡ್ಡ ಬಂದು ಬೈಕೊಂದು ಜಾರಿ ಬಸವರಾಜುವಿನ ಪಿಕಪ್ ಕೆಳಗೆ ಬಿದ್ದಿತ್ತು. ಬೈಕಿನ ಹುಡುಗ ಉಳಿಯಲಿಲ್ಲ. ಬಸವರಾಜುವಿನದು ತಪ್ಪಿಲ್ಲವೆಂದು ಈಚೆಗಷ್ಟೇ ಕೋರ್ಟು ಬಿಟ್ಟಿತ್ತು. ಅಲ್ಲಿಗೆ ಎಲ್ಲ ಮುಗಿಯಿತೆಂದು ಅವಳು ದೀಪ ಹಚ್ಚಿದ್ದಳು.

ಚರ್ಚಿನ ಬಾಗಿಲಲ್ಲಿ ವಯಸ್ಸಾದವರೊಬ್ಬರು ಕೈಮುಗಿದು ಹಾಡಿನ ಪುಸ್ತಕ ಕೊಟ್ಟರು. ಎಲ್ಲಿ ಬೇಕಾದರೂ ಕೂರಬಹುದು, ಎಲ್ಲರೂ ಎದ್ದಾಗ ಎದ್ದರಾಯಿತು, ಏಳದಿದ್ದರೂ ಏನೂ ಇಲ್ಲ ಎಂದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಹೊಸ ಮುಖ ಕಂಡರೆ ಯಾರ ಪೈಕಿ ಎಂದು ಕೇಳದವರನ್ನು ಅವಳು ನೋಡಿಯೇ ಇರಲಿಲ್ಲ. ಇದೇ ಇವರ ವರಸೆ ಇರಬೇಕೆಂದು ಸೆರಗು ಬಿಗಿಯಾಗಿ ಹೊದ್ದು, ಹೆಂಗಸರ ಕಡೆ ಕಂಬದ ಮರೆಯಲ್ಲಿ ಕೂತಳು. ಗಂಡ ಆ ಕಡೆಯ ಕೊನೆಯ ಬೆಂಚಿನಲ್ಲಿದ್ದ.

ಹಾಡಾಯಿತು. ಮಾಡಿದ ತಪ್ಪನ್ನೂ, ಮಾಡಬೇಕಾಗಿದ್ದು ಮಾಡದೆ ಬಿಟ್ಟಿದ್ದನ್ನೂ ಮನಸ್ಸಿನಲ್ಲೇ ಒಪ್ಪಿಕೊಳ್ಳಿ ಎಂದು ಪಾಸ್ಟರು ಹೇಳಿದಾಗ ಎಲ್ಲರೂ ತಲೆ ಬಗ್ಗಿಸಿದರು. ಫ್ಯಾನಿನ ಸದ್ದೊಂದು ಬಿಟ್ಟರೆ ಏನೂ ಇಲ್ಲ. ಶಿವಗಂಗಮ್ಮ ಮಾತ್ರ ತಲೆಯೆತ್ತಿ ನೋಡುತ್ತಿದ್ದಳು. ಬಸವರಾಜುವಿನ ಭುಜ ಅಲುಗುತ್ತಿತ್ತು. ಅಪ್ಪ ಸತ್ತಾಗಲೂ ಎಲ್ಲರೆದುರು ಅಳದ ಮನುಷ್ಯ. ಇವನಿಗೆ ಇವರು ಏನು ಮಾಡಿಟ್ಟಿದ್ದಾರೆ ಎಂದುಕೊಂಡಳು.

ಬೈಬಲ್ ಓದಿದರು, ಉಪದೇಶ ಮಾಡಿದರು. ಕಾಣಿಕೆ ಚೀಲ ಬಂದಾಗ ಪಕ್ಕದ ನರೆಗೂದಲಿನ ಹೆಂಗಸು, ಹೊಸಬರು ಹಾಕಬೇಕೆಂದಿಲ್ಲ ಎಂದು ತಾನೇ ಅದನ್ನು ಮುಂದೆ ದಾಟಿಸಿದಳು. ಕೊನೆಗೆ ಅವರ ಮತಕ್ಕೆ ಸೇರಿದವರು ತಗೊಳ್ಳುವ ರೊಟ್ಟಿ, ದ್ರಾಕ್ಷಾರಸ. ಒಳಕ್ಕೆ ಎಳೆಯುವುದು ಈಗಲೇ ಎಂದು ಶಿವಗಂಗಮ್ಮ ಬೆಂಚು ಹಿಡಿದುಕೊಂಡಳು. ಯಾರೂ ಅವಳನ್ನು ಕರೆಯಲಿಲ್ಲ. ಜನ ಸಾಲಾಗಿ ಹೋಗಿ ಬಂದರು. ಬಸವರಾಜು ಕೂತಲ್ಲಿಂದ ಕದಲಲಿಲ್ಲ. ಹಾಗಾದರೆ ಇವನು ಬರುವುದು ಯಾತಕ್ಕೆ?

ಆರಾಧನೆ ಮುಗಿದ ಮೇಲೆ ಪಕ್ಕದ ಹೆಂಗಸು ತಗ್ಗಿದ ದನಿಯಲ್ಲಿ, "ನೀವು ಬಸವರಾಜು ಅವರ ಮನೆಯವರಲ್ವಾ?" ಎಂದಳು.

"ನಿಮಗೆಂಗೆ ಗೊತ್ತು?"

"ಕೋರ್ಟಲ್ಲಿ ಒಂದ್ಸಲ ನೋಡಿದ್ದೆ. ನಾನು ಸುಗುಣ, ಟೀಚರ್ ಆಗಿದ್ದೆ. ಶಾಂತಿಗ್ರಾಮದ ಹತ್ರ ಹೋದೋನು ನನ್ನ ಮಗ."

ಶಿವಗಂಗಮ್ಮ ಎದ್ದು ಹೋಗಲೆಂದು ಹಾಡಿನ ಪುಸ್ತಕ ಬೆಂಚಿನ ಮೇಲಿಟ್ಟಳು. ಸುಗುಣಮ್ಮನೇ ಮಾತು ಮುಂದುವರಿಸಿದಳು. ಬಸವರಾಜುವನ್ನು ಮೊದಲ ವಾರವೇ ಗುರುತು ಹಿಡಿದಿದ್ದಳಂತೆ. ಮೇಲಿನ ಕೋರ್ಟಿಗೆ ಹೋಗುತ್ತಾಳೋ ಏನೋ ಎಂದು ತನ್ನ ಮೇಲೆ ಕಣ್ಣಿಡಲು ಬರುತ್ತಿದ್ದಾನೆ ಅಂದುಕೊಂಡಿದ್ದಳಂತೆ. ಹೊರಗೆ ಕಳಿಸಿ ಎಂದು ಪಾಸ್ಟರಿಗೆ ಹೇಳಿದರೆ, ಬಂದವರನ್ನು ಕಳಿಸುವುದು ನಮ್ಮ ಕೆಲಸವಲ್ಲ ಎಂದರಂತೆ.

"ಹನ್ನೆರಡು ವಾರದಿಂದ ನೋಡ್ತಿದೀನಿ. ಏನೋ ಮುಚ್ಚಿಟ್ಕೊಂಡಿದಾರೆ. ನಿಮಗೇನಾದ್ರೂ ಹೇಳಿದಾರಾ?"

ಇಲ್ಲವೆಂದಳು. ಅಷ್ಟರಲ್ಲಿ ಅವರಿಬ್ಬರನ್ನೂ ಒಟ್ಟಿಗೆ ಕಂಡ ಬಸವರಾಜು ಬಾಗಿಲಲ್ಲೇ ನಿಂತುಬಿಟ್ಟಿದ್ದ. ಶಿವಗಂಗಮ್ಮ ಹೋಗಿ ಕೈಹಿಡಿದು ಕರೆತಂದಳು.

"ಅದೇನು ಒಟ್ಟೇಲಿಟ್ಕಂಡಿದೀರೋ ಈ ತಾಯಿ ಮುಂದೆ ಹೇಳ್ಬುಡಿ."

ಬಸವರಾಜು ನೆಲ ನೋಡುತ್ತ ಹೇಳಿದ. ಹುಡುಗನನ್ನು ಪಿಕಪ್ಪಿನಲ್ಲಿ ಮಲಗಿಸಿಕೊಂಡು ಹಾಸನದ ಆಸ್ಪತ್ರೆಗೆ ಬರುವಾಗ ಅವನಿಗೆ ಎಚ್ಚರವಿತ್ತು. ಅಮ್ಮನಿಗೆ ಫೋನು ಮಾಡಿ ಎಂದು ನಂಬರು ಹೇಳಿದ, ಎರಡು ಸಲ ಹೇಳಿದ. ಕೇಸು, ಪೊಲೀಸು, ಜನರ ಹೊಡೆತ ಎಂದು ಹೆದರಿ ತಾನು ಮಾಡಲಿಲ್ಲ. ಕೋರ್ಟಿನಲ್ಲಿ ಇದನ್ನು ಯಾರೂ ಕೇಳಲಿಲ್ಲ. ಕೋರ್ಟು ಬಿಟ್ಟರೂ ತನಗೆ ಊಟ ಸೇರುತ್ತಿರಲಿಲ್ಲ. ಹುಡುಗನ ಮನೆಯವರು ಈ ಚರ್ಚಿನವರು ಎಂದು ಗೊತ್ತಾಗಿ, ಹೇಳಿಬಿಡೋಣವೆಂದು ಬರುತ್ತಿದ್ದ. ಬಂದು ಹೇಳಲಾಗದೆ ಹೋಗುತ್ತಿದ್ದ. ಇಷ್ಟು ಹೇಳಿ, ಆ ನಂಬರಿನ ಹತ್ತು ಅಂಕಿಗಳನ್ನು ಒಂದೊಂದಾಗಿ ಒಪ್ಪಿಸಿದ.

ಸುಗುಣಮ್ಮ ಬೆಂಚಿನ ಮೇಲೆ ಕೂತಳು. "ನನ್ನ ನಂಬರೇ" ಎಂದಳು. "ಬಿದ್ದಾಗ್ಲೇ ಪ್ರಜ್ಞೆ ತಪ್ಪಿತ್ತು, ಮತ್ತೆ ಬರ್ಲೇ ಇಲ್ಲ ಅಂದಿದ್ರು ನಂಗೆ. ನಾನು ಇಲ್ಲೇ ಹಾಸನದಲ್ಲಿದ್ದೆ. ಹತ್ತು ನಿಮಿಷಕ್ಕೆ ಆಸ್ಪತ್ರೆ ಮುಟ್ತಿದ್ದೆ" ಎಂದಳು.

ಬಸವರಾಜು ಕೈಮುಗಿದ.

"ಕ್ಷಮಿಸ್ಬೇಕು ಅನ್ನೋ ಮಾತು ಪ್ರತಿ ವಾರ ಕೇಳ್ತೀನಿ ಇಲ್ಲಿ. ಇವತ್ತು ನನ್ ಕೈಲಾಗಲ್ಲ. ನೀವು ಹೋಗಿ" ಎಂದಳು. ಅವರು ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವಳ ದನಿ ಕೇಳಿತು. "ಮುಂದಿನ ವಾರ ಬನ್ನಿ. ಅವನು ಇನ್ನೇನು ಮಾತಾಡ್ದ, ಒಂದೂ ಬಿಡದೆ ಹೇಳ್ಬೇಕು."

ಆ ವಾರವೆಲ್ಲ ಶಿವಗಂಗಮ್ಮ ಗಂಡನೊಂದಿಗೆ ಹೆಚ್ಚು ಮಾತಾಡಲಿಲ್ಲ. ನಾಲ್ಕು ವರ್ಷ ಪಕ್ಕದಲ್ಲೇ ಮಲಗಿದ್ದವಳಿಗೂ ಹೇಳಲಿಲ್ಲವಲ್ಲ ಎಂಬ ಸಿಟ್ಟು ಇಳಿದಿರಲಿಲ್ಲ. ಆದರೂ ಭಾನುವಾರ ಅವನಿಗಿಂತ ಮೊದಲೇ ಸೀರೆಯುಟ್ಟು ನಿಂತಳು. ಆರಾಧನೆ ಮುಗಿದ ಮೇಲೆ ಮೂವರೂ ಚರ್ಚಿನ ಹಿಂದಿನ ಹೊಂಗೆಮರದ ಕೆಳಗೆ ಕೂತರು. ಬಸವರಾಜು ಹೇಳುತ್ತಾ ಹೋದ. ಸುಗುಣಮ್ಮ ನಡುನಡುವೆ ತಡೆದು, ಆಗ ಅವನ ಕಣ್ಣು ತೆರೆದಿತ್ತಾ, ನೀರು ಕೇಳಿದನಾ ಎಂದು ವಿಚಾರಿಸುತ್ತಿದ್ದಳು. ಗೊತ್ತಿದ್ದಕ್ಕೆ ಅವನು ಉತ್ತರ ಕೊಟ್ಟ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಎಂದ.